ಓದಲಾಗದ ಆರು ಫೈಲುಗಳು

“ಸತ್ತ ಡಿಸ್ಕನ್ನ ಇನ್ನೆಷ್ಟು ಸಲ ಮಾತಾಡಿಸ್ತೀರಾ ಮೇಡಂ?” ಕಾರ್ಖಾನೆಯ ಸಿಸ್ಟಮ್ ಮ್ಯಾನೇಜರ್ ಯಶವಂತ್ ಸರ್ವರ್ ರೂಮಿನ ಬಾಗಿಲಿಗೆ ಒರಗಿ ನಿಂತು ಚಹಾ ಹೀರಿದ. “ಒಂದು ಸಹಿ ಹಾಕಿದ್ರೆ ಮುಗೀತು. ಊಟಕ್ಕೆ ಹೋಗೋಣ.”

ಸರ್ಕಾರಿ ಲ್ಯಾಬಿನಿಂದ ಡಿಸ್ಕಿನ ತಪಾಸಣೆಗೆ ಬಂದವಳು ಮೋಹಿನಿ. ಆಗ ಅವಳ ಬಾಯಿಗೆ ಬಂದಿದ್ದ ಮಾತು ಸರ್ಕಾರಿ ವರದಿಗೆ ಹೊಂದುವಂಥದ್ದಾಗಿರಲಿಲ್ಲ.

ಸಹಿ ಹಾಕಬೇಕಾದ ಹಾಳೆ ಮೇಜಿನ ಮೇಲೆಯೇ ಇತ್ತು. ಕಾರ್ಖಾನೆಯವರೇ ಟೈಪ್ ಮಾಡಿಸಿ ಇಟ್ಟದ್ದು. ‘ಡಿಸ್ಕ್ ಹಳೆಯದಾಗಿ ಕೆಟ್ಟಿದೆ. ಆರು ಫೈಲುಗಳನ್ನು ಓದಲು ಸಾಧ್ಯವಿಲ್ಲ.’ ಅದರ ಕೆಳಗೆ ಅವಳ ಹೆಸರು, ಹುದ್ದೆ, ಇವತ್ತಿನ ತಾರೀಕು. ತಪಾಸಣೆ ಶುರುವಾದದ್ದು ಬೆಳಿಗ್ಗೆ ಹತ್ತಕ್ಕೆ. ಅದರ ಫಲಿತಾಂಶ ನಿನ್ನೆಯೇ ಅಚ್ಚಾಗಿತ್ತು.

ಕೊಚ್ಚಿ ಬಳಿಯ ಏಲೂರಿನ ಈ ಕಾರ್ಖಾನೆಯಲ್ಲಿ ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಮೋನಿಯಾ ಸೋರಿ, ತಂಕಚ್ಚನ್ ಎಂಬ ಕೆಲಸಗಾರ ಉಸಿರುಗಟ್ಟಿ ಸತ್ತಿದ್ದ. ಕಂಟ್ರೋಲ್ ರೂಮಿನಲ್ಲಿದ್ದ ಆಪರೇಟರ್ ಗುರುಕಿರಣ್ ಎಚ್ಚರಿಕೆಯ ಗಂಟೆಯನ್ನು ತಾನೇ ಬಂದ್ ಮಾಡಿದ್ದ ಎಂದು ಕಂಪನಿ ಅವನನ್ನು ಸಸ್ಪೆಂಡ್ ಮಾಡಿ ದೂರು ಕೊಟ್ಟಿತ್ತು. ಗಂಟೆ ಮೊಳಗಲೇ ಇಲ್ಲ ಎಂದು ಅವನು ಹೇಳಿದ್ದ. ಯಾರ ಮಾತು ನಿಜ ಎಂದು ಹೇಳಬೇಕಾದ ಆರು ಫೈಲುಗಳು, ಹತ್ತು ಹತ್ತು ನಿಮಿಷಕ್ಕೆ ಒಂದರಂತೆ ಆ ಒಂದು ಗಂಟೆಯ ಅಳತೆಗಳು, ಈ ಡಿಸ್ಕಿನಲ್ಲಿದ್ದವು. ತೆರೆಯಲು ಹೋದರೆ ಪರದೆಯ ಮೇಲೆ ಬರುತ್ತಿದ್ದದ್ದು ಒಂದೇ ಸಾಲು: ರೀಡ್ ಎರರ್.

ನಾಳೆ ಹನ್ನೊಂದಕ್ಕೆ, ಹೋದ ವಾರ ಬಂಧಿತನಾದ ಗುರುಕಿರಣ್‌ನ ಜಾಮೀನು ಅರ್ಜಿಯ ವಿಚಾರಣೆ. ಇವತ್ತು ಸಂಜೆ ಐದರೊಳಗೆ ಮೋಹಿನಿಯ ವರದಿ ಕೋರ್ಟಿಗೆ ಹೋಗಬೇಕು. ಡಿಸ್ಕ್ ತಾನಾಗಿ ಕೆಟ್ಟಿತು ಎಂದು ಬರೆದರೆ ಅವನ ಪರವಾಗಿ ಹೇಳಲು ಈ ಲೋಕದಲ್ಲಿ ಏನೂ ಉಳಿಯುವುದಿಲ್ಲ.

ಬೆಳಿಗ್ಗೆ ಗೇಟಿನ ಹೊರಗೆ ಅವನ ತಾಯಿ ನಿಂತಿದ್ದಳು. ಕುಸುಮಾವತಿ. ತ್ರಿಪ್ಪುಣಿತ್ತುರದಿಂದ ಮೆಟ್ರೋ ಹತ್ತಿ, ಆಮೇಲೆ ಆಟೋ ಹಿಡಿದು ಬಂದವಳು. ಸೆಕ್ಯೂರಿಟಿಯವನು ಎರಡು ಸಲ ಅಟ್ಟಿದ್ದನಂತೆ. ಮೋಹಿನಿಯ ಕಾರು ನಿಂತದ್ದೇ ಕಿಟಕಿಗೆ ಕೈಯಿಟ್ಟಳು.

“ನೀನು ನಮ್ಮ ಭಾಷೆಯವಳು ಅಂತ ಬಂದದ್ದಲ್ಲ ಮಗಳೇ,” ಎಂದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. “ಅದರಲ್ಲಿ ಬರೆದದ್ದನ್ನು ಓದ್ಲಿಕ್ಕೆ ನಿಂಗೆ ಗೊತ್ತುಂಟಂತೆ. ಸರಿಯಾಗಿ ಓದು. ಅಷ್ಟೇ ಸಾಕು.”

ಕಾಸರಗೋಡಿನ ಬದಿಯಡ್ಕದ ಕಡೆಯ ಮಾತು. ಮೋಹಿನಿಯ ಅಮ್ಮ ಮಾತಾಡುತ್ತಿದ್ದದ್ದೂ ಹೀಗೆಯೇ. ಆದರೂ ಮೋಹಿನಿ ಅವಳಿಗೆ ಮಾತು ಕೊಟ್ಟಿರಲಿಲ್ಲ. ತಪಾಸಣೆಗೆ ಬಂದವಳು ಭರವಸೆ ಕೊಡಬಾರದು. ತಲೆಯಾಡಿಸಿ ಒಳಗೆ ಬಂದಿದ್ದಳು.

ಈಗ ಮತ್ತೆ ಕೀ ಒತ್ತಿದಳು. ಮೊದಲನೆಯ ಫೈಲು. ರೀಡ್ ಎರರ್.

ಎರಡನೆಯದು. ರೀಡ್ ಎರರ್.

“ನೋಡಿದ್ರಾ?” ಎಂದ ಯಶವಂತ್.

“ನೋಡಿದೆ. ನೀವು ಒಂದು ನಿಮಿಷ ಮಾತಾಡದೆ ನಿಲ್ತೀರಾ? ನಂಗೆ ಕೇಳ್ಬೇಕು.”

“ಏನು ಕೇಳ್ಬೇಕು?”

“ಡಿಸ್ಕಿನ ಸದ್ದು.”

ಯಶವಂತ್ ನಕ್ಕ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ಕಲ್ಯಾಣಿ ನಗಲಿಲ್ಲ. ಅವಳು ಎಸಿಯ ಸ್ವಿಚ್ಚನ್ನು ಆರಿಸಿ, ಬಾಗಿಲನ್ನೂ ಮುಚ್ಚಿದಳು. ಬಾಗಿಲಿಗೆ ಒರಗಿದ್ದವನು ನೆಟ್ಟಗೆ ನಿಲ್ಲಬೇಕಾಯಿತು.

ಮೋಹಿನಿ ಬಗ್ಗಿ ಕಿವಿಗೊಟ್ಟಳು. ಸೀಲು ಒಡೆದು ಹೊರತೆಗೆದ ಡಿಸ್ಕ್, ಅದಕ್ಕೆ ಏನೂ ಬರೆಯಲಾಗದಂತೆ ಮಾಡುವ ಒಂದು ಪುಟ್ಟ ತಡೆಪೆಟ್ಟಿಗೆ, ಅಲ್ಲಿಂದ ಅವಳ ಲ್ಯಾಪ್‌ಟಾಪ್. ಮೂರನೆಯ ಫೈಲನ್ನು ಕೇಳಿದಳು. ಡಿಸ್ಕ್ ಒಂದೇ ಸಮನೆ ತಣ್ಣಗೆ ಗುಂಯ್‌ಗುಡುತ್ತಿತ್ತು. ಕೀ ಒತ್ತಿದ ಬೆರಳು ಮೇಲೇಳುವ ಮೊದಲೇ ಉತ್ತರ ಬಂದಿತ್ತು. ರೀಡ್ ಎರರ್.

ಇಷ್ಟು ಬೇಗ!

ಹದಿನೇಳು ವರ್ಷದಲ್ಲಿ ಅವಳು ಸಾಯುತ್ತಿರುವ ಡಿಸ್ಕುಗಳನ್ನು ನೂರಾರು ನೋಡಿದ್ದಳು. ಯಾವುದೂ ಹೀಗೆ ಸೋಲೊಪ್ಪುತ್ತಿರಲಿಲ್ಲ. ನಿಜವಾಗಿ ಗಾಯಗೊಂಡ ಡಿಸ್ಕ್ ಓದಲಾಗದ ಜಾಗಕ್ಕೆ ಬಂದರೆ ಒದ್ದಾಡುತ್ತದೆ. ಕಟಕಟ ಎನ್ನುತ್ತದೆ. ಹಿಂದೆ ಹೋಗಿ ಮುಂದೆ ಬಂದು, ಮರೆತ ಹೆಸರನ್ನು ನೆನಪಿಸಿಕೊಳ್ಳುವ ಮುದುಕಿಯ ಹಾಗೆ ಹತ್ತು ಸಲ ಪ್ರಯತ್ನಿಸಿ, ಹಲವು ಸೆಕೆಂಡು ಕಾಯಿಸಿ, ಆಮೇಲೆಯೇ ‘ಆಗಲಿಲ್ಲ’ ಎನ್ನುತ್ತದೆ.

ಇದು ಪ್ರಯತ್ನವನ್ನೇ ಮಾಡುತ್ತಿಲ್ಲ. ಕೇಳುವ ಮೊದಲೇ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದೆ.

ಅವಳ ಕಿವಿಯ ತುದಿ ಬಿಸಿಯಾಯಿತು. ಸಿಟ್ಟು ಬಂದಾಗ ಅವಳಿಗೆ ಮೊದಲು ಆಗುವುದು ಅದು.

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಎಲ್ಲಿ ಓದಲಾಗಲಿಲ್ಲ, ಎಷ್ಟು ಜಾಗ ಕೆಟ್ಟಿತು, ಎಲ್ಲ. ಆ ಪಟ್ಟಿಯನ್ನು ತೆರೆದಳು. ಕೆಟ್ಟ ಜಾಗಗಳು: ಸೊನ್ನೆ. ಅನುಮಾನದ ಜಾಗಗಳು: ಸೊನ್ನೆ.

“ಕಲ್ಯಾಣಿ ಮೇಡಂ, ಇಲ್ಲಿ ಬನ್ನಿ,” ಎಂದು ಮಲಯಾಳದಲ್ಲಿ ಕರೆದಳು. “ಈ ಡಿಸ್ಕ್ ಫೈಲು ಕೇಳಿದ್ರೆ ‘ನಂಗೆ ಹುಷಾರಿಲ್ಲ’ ಅಂತದೆ. ಅದರ ಆರೋಗ್ಯದ ಚೀಟಿ ನೋಡಿದ್ರೆ ಒಂದು ನೆಗಡಿಯೂ ಬಂದದ್ದಿಲ್ಲ.”

ಯಶವಂತ್ ಚಹಾದ ಕಪ್ಪನ್ನು ಕೆಳಗಿಟ್ಟ. “ಆ ಚೀಟಿನೆಲ್ಲ ನಂಬೋಕಾಗುತ್ತಾ ಮೇಡಂ? ಕರೆಂಟ್ ಹೊಡೆತ ಬಿದ್ದಿದೆ ಆವತ್ತು. ಸೋರಿಕೆ ಆದ ದಿನವೇ ಕೆಟ್ಟಿದ್ದು ಇದು. ನಾನೇ ಬರೆದು ಕೊಟ್ಟಿದ್ದೀನಲ್ಲ.”

“ಬರೆದು ಕೊಟ್ಟದ್ದು ಗೊತ್ತುಂಟು.”

ಅವಳು ಕೆಟ್ಟ ಜಾಗಗಳ ನಕ್ಷೆಯನ್ನು ಬಿಡಿಸಲು ಹಾಕಿದಳು. ಡಿಸ್ಕಿನ ಒಂದೊಂದು ತುಂಡನ್ನೂ ಮುಟ್ಟಿ ನೋಡುವ ಕೆಲಸ. ಒಂದೂವರೆ ಗಂಟೆ ಹಿಡಿಯಿತು. ಯಾರೋ ಮೂವರಿಗೂ ಅನ್ನ, ಮಜ್ಜಿಗೆಯ ಮೋರುಕರಿ ತಂದಿಟ್ಟು ಹೋದರು. ಮೋಹಿನಿ ಮುಟ್ಟಲಿಲ್ಲ.

ನಕ್ಷೆ ಬಂತು. ಅವಳು ಅದನ್ನು ನೋಡಿದಳು, ನೋಡಿದಳು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ರಭಸಕ್ಕೆ ಅದು ಗೋಡೆಗೆ ಬಡಿಯಿತು.

“ಏನಾಯಿತು?” ಎಂದಳು ಕಲ್ಯಾಣಿ ಮಲಯಾಳದಲ್ಲಿ.

“ಕೆಟ್ಟ ಜಾಗ ಮೊದಲನೇ ಫೈಲಿನ ಮೊದಲ ತುಂಡಿಂದ ಶುರು. ಕೊನೆಯ ತುಂಡಿಗೆ ಸರಿಯಾಗಿ ನಿಂತಿದೆ. ಎರಡನೆಯದೂ ಹಾಗೆ. ಆರೂ ಹಾಗೆ. ಈ ಆರು ಫೈಲುಗಳು ಡಿಸ್ಕಿನಲ್ಲಿ ಒಂದೇ ಕಡೆ ಇಲ್ಲ, ಆರು ಮೂಲೆಯಲ್ಲಿ ಚದುರಿವೆ. ಅವುಗಳ ಪಕ್ಕದಲ್ಲೇ ಇರುವ ಬೇರೆ ಫೈಲುಗಳಿಗೆ ಒಂದು ಗೀರೂ ಬಿದ್ದಿಲ್ಲ.” ಅವಳು ಯಶವಂತ್‌ನತ್ತ ತಿರುಗಿದಳು. “ಗೆದ್ದಲು ಪುಸ್ತಕ ತಿಂದ್ರೆ ಪುಟದ ನಂಬರು ನೋಡಿ ತಿನ್ನುದಿಲ್ಲ ಮಾರಾಯ್ರೆ. ಇದು ಗೆದ್ದಲಲ್ಲ, ಕತ್ತರಿ.”

ಕಲ್ಯಾಣಿ ಬಗ್ಗಿ ನಕ್ಷೆಯನ್ನು ನೋಡಿದಳು.

“ಹೀಗೆ ಮಾಡಲು ಬರುತ್ತದೆಯೇ?” ಕಲ್ಯಾಣಿ ನಿಧಾನವಾಗಿ ಕೇಳಿದಳು.

“ಬರ್ತದೆ. ಡಿಸ್ಕಿಗೆ ಒಂದು ಆಜ್ಞೆ ಕೊಡಬಹುದು. ‘ಈ ಜಾಗವನ್ನು ಯಾರು ಕೇಳಿದ್ರೂ ಕೆಟ್ಟಿದೆ ಅನ್ನು. ಓದ್ಲಿಕ್ಕೆ ಪ್ರಯತ್ನ ಮಾಡ್ಬೇಡ. ನಿನ್ನ ಚೀಟಿಯಲ್ಲೂ ಬರೀಬೇಡ.’ ಡಿಸ್ಕ್ ಪರೀಕ್ಷೆ ಮಾಡುವವರು ಬಳಸುವ ಆಜ್ಞೆ ಅದು. ಸಾಮಾನ್ಯದವರಿಗೆ ಇಂಥದ್ದೊಂದು ಉಂಟು ಅಂತಲೇ ಗೊತ್ತಿರುದಿಲ್ಲ.”

“ಒಳಗಿದ್ದದ್ದು ವಾಪಸು ಬರುತ್ತದೆಯೇ?”

“ಇಲ್ಲ.” ಆ ಒಂದು ಶಬ್ದ ಹೇಳಲು ಅವಳಿಗೆ ಹಲ್ಲು ಕಚ್ಚಬೇಕಾಯಿತು. “ಆದರೆ ಅಳಿಸಿದ್ದು ಯಾವಾಗ ಅಂತ ಕಂಡುಹಿಡಿಯಬಹುದು.”

ಈ ಡಿಸ್ಕ್ ಇದ್ದ ಸರ್ವರ್ ಪ್ರತಿದಿನ ಬೆಳಿಗ್ಗೆ ಆರಕ್ಕೆ ಒಂದು ಹಾಜರಿ ತೆಗೆದುಕೊಳ್ಳುತ್ತಿತ್ತು. ಎಲ್ಲ ಫೈಲುಗಳನ್ನೂ ಒಂದು ಸಲ ಓದಿ ನೋಡಿ, ‘ಸರಿ’ ಅಥವಾ ‘ಓದಲಾಗಲಿಲ್ಲ’ ಎಂದು ಬರೆದಿಡುವುದು. ಯಾರೋ ಹಿಂದಿನ ಸಿಸ್ಟಮ್ ಮ್ಯಾನೇಜರ್ ಶ್ರದ್ಧೆಯಿಂದ ಮಾಡಿಟ್ಟ ಏರ್ಪಾಡು. ಅದು ನಡೆಯುತ್ತಿದೆ ಎಂದು ಈಗಿನವರಿಗೆ ತಿಳಿದಿದ್ದಂತಿರಲಿಲ್ಲ. ಮೋಹಿನಿ ಅದರ ಸಾಲುಗಳನ್ನು ಬೆರಳಿಟ್ಟು ಓದಿದಳು.

ಸೋರಿಕೆಯ ಮರುದಿನ: ಆರೂ ಸರಿ. ಅದರ ಮರುದಿನ: ಸರಿ. ಹೀಗೆ ಹನ್ನೊಂದು ದಿನ. ಮಹಾನವಮಿಯ ಬೆಳಿಗ್ಗೆ ಆರಕ್ಕೆ: ಸರಿ. ವಿಜಯದಶಮಿಯ ಬೆಳಿಗ್ಗೆ ಆರಕ್ಕೆ: ಆರೂ ಓದಲಾಗಲಿಲ್ಲ.

“ಕರೆಂಟ್ ಹೊಡೆತ ಬಿದ್ದದ್ದು ಯಾವತ್ತು ಅಂದ್ರಿ ಸಾರ್?”

ಯಶವಂತ್‌ನ ಮುಖದಲ್ಲಿ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಬೇರೆ ಕೆಲಸ ಮಾಡುತ್ತಿತ್ತು. ಅವನು ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತ. ದನಿ ತಗ್ಗಿಸಿದ. ಶುದ್ಧ ಮೈಸೂರಿನ ಕನ್ನಡ.

“ನೋಡಿ ಮೇಡಂ, ನಾವು ನಾವು ಮಾತಾಡ್ಕೋಬಹುದು. ಈಯಮ್ಮನಿಗೆ ಕನ್ನಡ ಬರಲ್ಲ. ಪರ ಊರಲ್ಲಿ ಬದುಕೋಕೆ ಬಂದಿರೋರು ನಾವಿಬ್ರೂ. ಒಬ್ಬ ಆಪರೇಟರ್‌ಗೋಸ್ಕರ ನೀವ್ಯಾಕೆ ಇಷ್ಟೊಂದು ನಿಷ್ಠುರ ಕಟ್ಕೋತೀರಾ? ಡಿಸ್ಕ್ ಹೋಗಿದೆ ಅಂತ ಬರೀರಿ. ನಿಮ್ಮ ಅಚ್ಯುತ ಸಾರ್ ಕೂಡ ಬೆಳಿಗ್ಗೆಯಿಂದ ಅದನ್ನೇ ಹೇಳ್ತಿರೋದಲ್ವಾ?”

ಮೋಹಿನಿ ಬೆಚ್ಚಿದಳು. ಅಚ್ಯುತ ಅವಳ ಲ್ಯಾಬಿನ ಮುಖ್ಯಸ್ಥರು. ಕಳಕ್ಕೂಟಂನಿಂದ ಅವರು ಫೋನ್ ಮಾಡಿ, ‘ಬೇಗ ಮುಗಿಸಮ್ಮ, ಒಂದು ಸಾಲಿನ ವರದಿ ಸಾಕು’ ಎಂದಿದ್ದು ನಿಜ. ಅದು ಇವನಿಗೆ ಹೇಗೆ ಗೊತ್ತು?

ಮೂಲೆಯಿಂದ ಕಲ್ಯಾಣಿ ಕೆಮ್ಮಿದಳು.

“ಕಾಸರಗೋಡಿನಲ್ಲಿ ನಾಲ್ಕು ವರ್ಷ ಡ್ಯೂಟಿ ಮಾಡಿದ್ದೇನೆ ಸಾರೇ,” ಎಂದಳು, ಒಡಕು ಕನ್ನಡದಲ್ಲಿ. “ನನಗೆ ಕನ್ನಡ ಮಾತಾಡುದು ಸ್ವಲ್ಪ ಕಷ್ಟ. ಕೇಳುದಕ್ಕೆ ತೊಂದರೆ ಇಲ್ಲ. ಈಯಮ್ಮ ಅಂದರೆ ನಾನಲ್ಲವೋ?”

ಯಶವಂತ್ ಕೆಂಪಾದ. ಆದರೆ ಅವನು ಅಷ್ಟಕ್ಕೆ ಮಣಿಯುವ ಆಳಾಗಿರಲಿಲ್ಲ. ಎದ್ದು ನಿಂತು, ಕಂಕುಳಲ್ಲಿದ್ದ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ.

“ಸರಿ. ನೀವಾಗಿ ಈ ಗತಿ ತಂದ್ಕೊಂಡ್ರಿ. ನಾನು ಒಬ್ಬ ಹುಡುಗನ ಬಾಳು ಹಾಳಾಗದಿರ್ಲಿ ಅಂತ ಮುಚ್ಚಿಟ್ಟಿದ್ದೆ. ಯಾರೋ ಕೈಯಾರೆ ಮಾಡಿದ್ದು ಅಂತ ನೀವೇ ಹೇಳಿದ್ರಲ್ಲ? ನೋಡಿ, ಯಾರು ಅಂತ.”

ಈ ಸರ್ವರ್ ರೂಮಿನ ಬಾಗಿಲಿನ ಕಾರ್ಡ್ ದಾಖಲೆ. ಮಹಾನವಮಿ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಒಳಗೆ ಬಂದವರು: ಗುರುಕಿರಣ್. ಹೊರಗೆ: ಹನ್ನೆರಡು ಐದು.

“ಸಸ್ಪೆಂಡ್ ಆದವನ ಕಾರ್ಡು ರದ್ದಾಗಿರಲಿಲ್ಲವೇ?” ಎಂದಳು ಕಲ್ಯಾಣಿ.

“ಆಫೀಸಿನವರ ತಪ್ಪು. ಹಬ್ಬದ ರಜೆ ನೋಡಿ. ಅವನು ಬಂದಿದ್ದಾನೆ, ಸಾಕ್ಷಿ ಅಳಿಸಿದ್ದಾನೆ, ಹೋಗಿದ್ದಾನೆ. ಬರೀರಿ ಮೇಡಂ. ಗೆದ್ದಲಲ್ಲ, ಕತ್ತರಿ. ಕತ್ತರಿ ಹಿಡಿದ ಕೈ ಇದು.”

ಮೋಹಿನಿ ಆ ಹೆಸರನ್ನು ಎರಡು ಸಲ ಓದಿದಳು. ಬೆಳಿಗ್ಗೆಯಿಂದ ತಾನು ಒಂದೊಂದಾಗಿ ಕಿತ್ತು ತಂದ ಸತ್ಯವನ್ನೆಲ್ಲ ಇವನು ಹಗ್ಗವಾಗಿ ಹೊಸೆದು ಅದೇ ಹುಡುಗನ ಕೊರಳಿಗೆ ಹಾಕುತ್ತಿದ್ದಾನೆ. ಸಾಕ್ಷಿ ನಾಶದ ಆರೋಪ ಸೇರಿದರೆ ಜಾಮೀನು ನಾಳೆಯಲ್ಲ, ವರ್ಷಕ್ಕೂ ಸಿಗದು. ಗೇಟಿನಲ್ಲಿ ನಿಂತ ಆ ಹೆಂಗಸು ‘ಸರಿಯಾಗಿ ಓದು’ ಎಂದಿದ್ದಳು. ಸರಿಯಾಗಿ ಓದಿದ್ದಕ್ಕೆ ಸಿಕ್ಕ ಫಲವೇ ಇದು?

ಹಾಳೆ ಹೊಸದಲ್ಲ. ಮಡಿಕೆಯ ಗೆರೆಗಳು ಹಳತಾಗಿದ್ದವು. ಮೊದಲ ಸುಳ್ಳು ಸೋತರೆ ಇರಲಿ ಎಂದು ಎರಡನೆಯದನ್ನು ಹೊಲಿಸಿಟ್ಟುಕೊಂಡೇ ಬಂದಿದ್ದ ಮನುಷ್ಯ.

ಅವಳು ಉತ್ತರ ಕೊಡುವ ಬದಲು ಕೋಣೆಯನ್ನು ನೋಡಿದಳು. ಹೆದರಿದಾಗಲೂ ಸಿಟ್ಟು ಬಂದಾಗಲೂ ಅವಳು ಮಾಡುವುದು ಅದನ್ನೇ: ಕಣ್ಣಿಗೆ ಕಂಡದ್ದನ್ನು ಎಣಿಸುವುದು. ಮೂರು ರ‍್ಯಾಕು. ಒಂದು ಮಾನಿಟರ್. ಒಂದೇ ಒಂದು ಕೀಬೋರ್ಡ್.

ಕೀಬೋರ್ಡಿನ ಉದ್ದ ಕೀಯ ಸಂದಿಯಲ್ಲಿ ಏನೋ ಬಿಳಿಯಾಗಿ ಒಣಗಿತ್ತು. ಅವಳು ಉಗುರಿನಿಂದ ಕೆರೆದು ಮೂಸಿದಳು. ಗಂಧ.

“ಇದು ಎಂತ? ಕೀಬೋರ್ಡಿಗೆ ಗಂಧ ಯಾರು ಹಚ್ಚಿದ್ದು?”

“ಆಯುಧಪೂಜೆ ಮಾಡಿರ್ತಾರೆ,” ಎಂದ ಯಶವಂತ್, ಬೇಸರದಿಂದ. “ನಮ್ಮ ಕಡೆನೂ ಮಾಡಲ್ವಾ? ಕುಂಕುಮ ಇಟ್ಟು, ಕುಂಬಳಕಾಯಿ ಒಡೆದ್ರೆ ಆಯ್ತು. ಅರ್ಧ ಗಂಟೆ ಕೆಲಸ.”

ಮೋಹಿನಿ ಅವನನ್ನು ದಿಟ್ಟಿಸಿದಳು. “ನೀವು ಕೊಚ್ಚಿಗೆ ಬಂದು ಎಷ್ಟು ಸಮಯ ಆಯ್ತು?”

“ಎಂಟು ತಿಂಗಳು. ಯಾಕೆ?”

“ನವಮಿಗೆ ಇಲ್ಲಿದ್ರಾ?”

“ದಸರಾಕ್ಕೆ ಮೈಸೂರು ಬಿಟ್ಟು ಬೇರೆಲ್ಲಿರ್ತೀನಿ? ಊರಲ್ಲಿದ್ದೆ.”

“ಇಲ್ಲಿ ಪೂಜೆ ಮಾಡುದು ಯಾರು?” ಎಂದು ಅವಳು ಕಲ್ಯಾಣಿಯನ್ನು ಕೇಳಿದಳು. “ಅವರನ್ನು ಕರೆಸ್ತೀರಾ?”

ಪ್ರೇಮ ಬಂದಳು. ಕಂಟ್ರೋಲ್ ರೂಮಿನ ಗುಮಾಸ್ತೆ, ಐವತ್ತು ದಾಟಿದವಳು. ಹಣೆಯಲ್ಲಿ ಗಂಧದ ಗೆರೆ, ಕಂಕುಳಲ್ಲಿ ರಿಜಿಸ್ಟರು. ಪೊಲೀಸರನ್ನು ಕಂಡು ಹೆದರಿದ್ದಳು. ಮೋಹಿನಿ ಮಲಯಾಳದಲ್ಲಿ ಚೇಚಿ, ಅಕ್ಕ, ಎಂದು ಮಾತಾಡಿಸಿದ ಮೇಲೆ ಸ್ವಲ್ಪ ಉಸಿರು ಬಿಟ್ಟಳು.

“ಚೇಚಿ, ಈ ಕೀಬೋರ್ಡನ್ನು ಪೂಜೆಗೆ ಇಟ್ಟಿದ್ರಾ?”

“ಇಡದೆ ಮತ್ತೆ? ಪ್ರತಿ ವರ್ಷ ಇಡುವುದೇ. ಅಷ್ಟಮಿ ಸಂಜೆ ಪೂಜೆಗೆ ಇಟ್ಟದ್ದು.”

“ತೆಗೆದದ್ದು?”

“ವಿಜಯದಶಮಿ ಬೆಳಿಗ್ಗೆ ಪೂಜೆ ಮುಗಿದ ಮೇಲೆ. ಅದಕ್ಕೆ ಮೊದಲು ಯಾರಾದರೂ ತೆಗೆಯುತ್ತಾರೆಯೇ ಮಗಳೇ? ದೇವಿಯ ಮುಂದೆ ಇಟ್ಟದ್ದು! ನವಮಿ ದಿನ ನನ್ನ ಮೊಮ್ಮಗಳು ಒಂದು ಅಕ್ಷರ ಓದುವುದಿಲ್ಲ, ಪೆನ್ನು ಮುಟ್ಟುವುದಿಲ್ಲ. ಇಲ್ಲಿ ಗ್ಯಾಸಿನ ಯಂತ್ರ ನಿಲ್ಲಿಸಲಿಕ್ಕಾಗುವುದಿಲ್ಲ, ಅದು ನಡೆಯುತ್ತದೆ. ಉಳಿದದ್ದೆಲ್ಲ ದೇವಿಯ ಮುಂದೆ. ಸ್ಕ್ರೂಡ್ರೈವರ್, ಈ ಕೀಬೋರ್ಡ್, ರಿಜಿಸ್ಟರು, ಮತ್ತೆ ಕೀಲಿಕೈ.”

“ಯಾವ ಕೀಲಿಕೈ?” ಎಂದಳು ಕಲ್ಯಾಣಿ ಥಟ್ಟನೆ.

“ಈ ರೂಮಿದ್ದೇ. ದೊಡ್ಡ ಪ್ರವಾಹದಲ್ಲಿ ಕಾರ್ಡಿನ ಬೀಗ ನೀರು ಕುಡಿದು ಹಾಳಾಯಿತಲ್ಲ? ಆಮೇಲೆ ಸರಿಮಾಡಿಸಿದರೂ ಧೈರ್ಯ ಬರಲಿಲ್ಲ. ಹೊರಗಿನಿಂದ ಒಂದು ಹಿತ್ತಾಳೆ ಬೀಗವನ್ನೂ ಹಾಕುತ್ತೇವೆ. ಕಾರ್ಡು ಉಜ್ಜಿದರೂ ಬೀಗ ತೆಗೆಯದೆ ಬಾಗಿಲು ಬರುವುದಿಲ್ಲ. ಕೀಲಿಕೈ ಒಂದೇ.”

“ಅಷ್ಟಮಿ ಸಂಜೆಯಿಂದ ದಶಮಿ ಬೆಳಿಗ್ಗೆವರೆಗೆ ಆ ಕೀಲಿಕೈ ಎಲ್ಲಿತ್ತು?”

“ಹೇಳಿದೆನಲ್ಲ, ದೇವಿಯ ಮುಂದೆ. ಪೂಜೆಯ ಕೋಣೆಗೆ ಬೀಗ ಹಾಕಿ ಅದರ ಕೀಲಿಯನ್ನು ನಾನೇ ಮನೆಗೆ ಒಯ್ದಿದ್ದೆ.” ಪ್ರೇಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಏನು, ತಪ್ಪಾಯಿತೇ?”

“ಇಲ್ಲ ಚೇಚಿ,” ಎಂದಳು ಮೋಹಿನಿ. “ಇಷ್ಟು ದಿನದಲ್ಲಿ ಈ ಕಾರ್ಖಾನೆಯಲ್ಲಿ ತಪ್ಪಿಲ್ಲದೆ ನಡೆದ ಕೆಲಸ ಇದೊಂದೇ.”

ಕಲ್ಯಾಣಿ ಆಗಲೇ ಪ್ರೇಮಳ ಹೇಳಿಕೆಯನ್ನು ಬರೆದುಕೊಳ್ಳತೊಡಗಿದ್ದಳು. ಸಹಿ ಹಾಕಿ ಪ್ರೇಮ ಹೊರಗೆ ಹೋದ ಮೇಲೆ ಮೋಹಿನಿ ಎದ್ದು ಯಶವಂತ್‌ನ ಎದುರು ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡ. ಆದರೂ ಹಿಂದೆ ಸರಿದವನು ಅವನೇ.

“ಹನ್ನೊಂದು ಇಪ್ಪತ್ತಕ್ಕೆ ಗುರುಕಿರಣ್ ಒಳಗೆ ಬಂದ. ಬೀಗ ಹಾಕಿದ ಬಾಗಿಲಿನೊಳಗಿಂದ. ಕೀಬೋರ್ಡಿಲ್ಲದ ಸರ್ವರಿಗೆ ಆಜ್ಞೆ ಕೊಟ್ಟ. ಎಂತ ಸಾರ್, ಹುಡುಗ ಗಾಳಿಯಾ?”

“ಅದು... ಬೇರೆ ಕೀಬೋರ್ಡ್ ತಂದಿರಬಹುದು.”

“ಬೀಗ?”

ಅವನು ಬಾಗಿಲಿನತ್ತ ನೋಡಿದ.

“ಕಾರ್ಡಿನ ದಾಖಲೆಗೆ ಒಂದು ಸಾಲು ಸೇರಿಸ್ಲಿಕ್ಕೆ ಬಾಗಿಲಿಗೆ ಬರ್ಬೇಕು ಅಂತಿಲ್ಲ. ಕಂಪ್ಯೂಟರಿನಲ್ಲಿ ಕೂತಲ್ಲೇ ಸೇರಿಸಬಹುದು, ಮೈಸೂರಿನಿಂದಲೂ. ರಜೆ ದಿನ, ಯಾರೂ ಇರುದಿಲ್ಲ, ಒಳ್ಳೆ ದಿನ ಅಂತ ನವಮಿಯನ್ನು ಆರಿಸಿಕೊಂಡ್ರಿ. ಇಲ್ಲಿ ಹುಟ್ಟಿದ ಒಬ್ಬ ಕಳ್ಳನೂ ಆ ದಿನವನ್ನು ಬರೀತಿರಲಿಲ್ಲ. ಅವನಿಗೆ ಗೊತ್ತಿರ್ತದೆ, ಆವತ್ತು ಆಯುಧ ದೇವಿಯ ಹತ್ರ ಉಂಟು ಅಂತ. ನಿಮ್ಗೆ ಅರ್ಧ ಗಂಟೆಯ ಕುಂಬಳಕಾಯಿ ಮಾತ್ರ ಗೊತ್ತಿತ್ತು.”

“ಮರ್ಯಾದೆಯಿಂದ ಮಾತಾಡಿ.”

“ಮರ್ಯಾದೆ!” ಅವಳ ದನಿ ಕೋಣೆಯ ಗೋಡೆಗೆ ಹೊಡೆಯಿತು. “ಒಬ್ಬ ಸತ್ತ. ಒಬ್ಬ ಕಾಕ್ಕನಾಡಿನ ಜೈಲಿನಲ್ಲಿದ್ದಾನೆ. ಗಂಟೆ ಬಾರಿಸದೆ ಇದ್ದದ್ದು ನಿಮ್ಮ ಯಂತ್ರ. ಅದನ್ನು ಮುಚ್ಲಿಕ್ಕೆ ಅವನ ಹೆಸರನ್ನು ಬಾಗಿಲಿಗೆ ಬರೆದ ನಿಮ್ಮ ಹತ್ರ ನಾನು ಮರ್ಯಾದೆಯ ಲೆಕ್ಕ ಮಾತಾಡ್ಬೇಕಾ?”

ಕಲ್ಯಾಣಿ ನಡುವೆ ಬಂದು ನಿಂತಳು. ಅವಳ ಕೈ ಮೋಹಿನಿಯ ತೋಳಿನ ಮೇಲಿತ್ತು, ಮಾತು ಯಶವಂತ್‌ಗೆ. “ಹೊರಗಿನಿಂದ ಸರ್ವರಿಗೆ ಬಂದವರ ದಾಖಲೆ ಬೇಕು.”

“ಸರ್ವರಿನಲ್ಲಿ ಅದು ಅಳಿಸಿಹೋಗಿದೆ.”

“ಸರ್ವರಿನಲ್ಲಿ ಬೇಡ,” ಎಂದಳು ಮೋಹಿನಿ. “ಹೊರಗಿನಿಂದ ಬರುವವರೆಲ್ಲ ನಿಮ್ಮ ನೆಟ್‌ವರ್ಕಿನ ಕಾವಲು ಪೆಟ್ಟಿಗೆಯನ್ನು ದಾಟಿ ಬರ್ಬೇಕು. ಅದು ಪ್ರತ್ಯೇಕ ಬರೆದಿಡ್ತದೆ. ಅದನ್ನು ಕೊಡಿ.”

“ಅದಕ್ಕೆ ಹೆಡ್ ಆಫೀಸಿನ ಅನುಮತಿ ಬೇಕು.”

“ಕೊಡಿ.”

“ಆಗಲ್ಲ ಅಂದೆ.”

“ಸಾರೇ,” ಎಂದಳು ಕಲ್ಯಾಣಿ, “ಈಗ ಕೊಟ್ಟರೆ ಒಂದು ಹಾಳೆ. ಇಲ್ಲದಿದ್ದರೆ ಜೀಪು.”

ಯಶವಂತ್ ನಿಟ್ಟುಸಿರು ಬಿಟ್ಟ. ಭುಜ ಇಳಿಬಿಟ್ಟು, ಸೋತವನ ಹಾಗೆ, ತನ್ನ ಲ್ಯಾಪ್‌ಟಾಪನ್ನು ತೆರೆದು ಕಾವಲು ಪೆಟ್ಟಿಗೆಯ ದಾಖಲೆಯನ್ನು ತೆಗೆದ. ನವಮಿಯ ದಿನಕ್ಕೆ ಬಂದು ಪರದೆಯನ್ನು ಅವಳತ್ತ ತಿರುಗಿಸಿದ.

ಆ ದಿನ ಸರ್ವರಿಗೆ ಹೊರಗಿನಿಂದ ಬಂದವರು ಒಬ್ಬರೇ. ಹನ್ನೊಂದು ಮೂವತ್ತೊಂದಕ್ಕೆ ಪ್ರವೇಶ. ಹನ್ನೊಂದು ಐವತ್ತೆಂಟಕ್ಕೆ ನಿರ್ಗಮನ. ಬಂದ ವಿಳಾಸ, ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕಿ.

ಮೋಹಿನಿ ಓದಿದಳು. ಮೈಸೂರಿನದಲ್ಲ.

ಮತ್ತೆ ಓದಿದಳು.

ಆ ಸಂಖ್ಯೆಯನ್ನು ಹುಡುಕಿ ನೋಡುವ ಅಗತ್ಯ ಅವಳಿಗಿರಲಿಲ್ಲ. ಯಾವ ಕಂಪನಿಯ ತಪಾಸಣೆಗೆ ಹೋದರೂ, ‘ಈ ವಿಳಾಸಕ್ಕೆ ನಿಮ್ಮ ಬಾಗಿಲು ತೆರೆಯಿರಿ’ ಎಂದು ಅರ್ಜಿಯಲ್ಲಿ ಅವಳೇ ಬರೆದುಕೊಡುವ ಸಂಖ್ಯೆ ಅದು. ಕಳಕ್ಕೂಟಂನ ಅವಳ ಲ್ಯಾಬಿನದು.

ಈ ಪ್ರಕರಣ ಲ್ಯಾಬಿಗೆ ಬಂದದ್ದು ಮೂರು ದಿನದ ಹಿಂದೆ. ನವಮಿ ಕಳೆದು ಹದಿನಾರು ದಿನ.

ಅವಳು ತಲೆಯೆತ್ತಿದಳು. ಯಶವಂತ್ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದ. ಇಳಿಬಿಟ್ಟ ಭುಜ ಈಗ ನೆಟ್ಟಗಾಗಿತ್ತು. ಕೊಡುವುದಿಲ್ಲ, ಆಗುವುದಿಲ್ಲ ಎಂದು ಅವನು ಎಳೆದಾಡಿದಷ್ಟೂ ತಾನು ಹಟಮಾಡಿ ಕೇಳಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಎರಡನೆಯ ಸುಳ್ಳಿನ ಹಿಂದೆ ಮೂರನೆಯದು ಇತ್ತು. ಅದನ್ನು ಅವಳ ಕೈಯಿಂದಲೇ ತೆಗೆಸಿದ್ದ. ಬೆಳಿಗ್ಗೆಯ ಅಚ್ಯುತರ ಫೋನು ಮತ್ತೆ ನೆನಪಾಯಿತು: ಮನೆಯಲ್ಲಿ ಕೂತೇ ಲ್ಯಾಬಿನ ವಿಳಾಸದಿಂದ ಕೆಲಸ ಮಾಡಬಲ್ಲವರು ಅವರು.

“ಯಾರ ವಿಳಾಸ?” ಎಂದಳು ಕಲ್ಯಾಣಿ.

ಮೋಹಿನಿ ಹೇಳಿದಳು. ಮರೆಮಾಚದೆ, ಒಂದೇ ವಾಕ್ಯದಲ್ಲಿ.

ಕಲ್ಯಾಣಿ ಪರದೆಯ ಆ ಸಾಲನ್ನು ತಾನೂ ಓದಿದಳು. ಆಮೇಲೆ ಮಲಯಾಳದಲ್ಲಿ, ತಗ್ಗಿದ ದನಿಯಲ್ಲಿ, “ಚೇಚಿ, ಯೋಚಿಸಿ,” ಎಂದಳು. “ಈ ಸಾಲನ್ನು ಬರೆದರೆ ನಿಮ್ಮ ಲ್ಯಾಬಿನ ವರದಿಯನ್ನು ಕೋರ್ಟು ನಂಬುತ್ತದೋ ಇಲ್ಲವೋ ಹೇಳಲಾರೆ. ಮೊದಲು ನಿಮ್ಮನ್ನೇ ಕೂರಿಸಿ ಕೇಳುತ್ತಾರೆ. ಪ್ರೇಮಳ ಹೇಳಿಕೆ ಉಂಟು. ಅಷ್ಟಕ್ಕೇ ನಿಲ್ಲಿಸಬಹುದು.”

“ಅಷ್ಟಕ್ಕೇ ನಿಲ್ಲಿಸಿದ್ರೆ ನಾಳೆ ಅವರ ವಕೀಲರು ಕೇಳ್ತಾರೆ. ಬಾಗಿಲಿನಿಂದ ಬಾರದಿದ್ದರೆ ನೆಟ್‌ವರ್ಕಿನಿಂದ ಬಂದ, ಗುರುಕಿರಣ್ ಮನೆಯಿಂದಲೇ ಬಂದ ಅಂತಾರೆ. ಅಲ್ಲ ಅಂತ ಹೇಳುವುದು ಈ ಸಾಲು ಒಂದೇ.”

ಗಡಿಯಾರದಲ್ಲಿ ನಾಲ್ಕೂ ಕಾಲು. ಅವಳು ಕೂತು ಬರೆದಳು. ಡಿಸ್ಕ್ ಒದ್ದಾಡದೆ ಉತ್ತರಿಸಿದ್ದು, ಸೊನ್ನೆಗಳ ಚೀಟಿ, ಆರು ಫೈಲುಗಳ ಗಡಿ, ನವಮಿ, ಬೀಗ, ಕೀಲಿಕೈ. ಬೆರಳುಗಳು ಕೀಗಳನ್ನು ಬಡಿಯುತ್ತಿದ್ದವು. ಕೊನೆಯಲ್ಲಿ ಆ ನಾಲ್ಕು ಸಂಖ್ಯೆಗಳು, ಅದರ ಮುಂದೆ ತನ್ನ ಲ್ಯಾಬಿನ ಪೂರ್ತಿ ಹೆಸರು. ಅಲ್ಲಿಗೆ ಬಂದಾಗಲೂ ಬೆರಳು ನಿಲ್ಲಲಿಲ್ಲ. ಕಾರ್ಖಾನೆಯವರು ಟೈಪ್ ಮಾಡಿಟ್ಟಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅದನ್ನೂ ಸಾಕ್ಷಿಯೆಂದು ಕಲ್ಯಾಣಿಯ ಕೈಗೆ ಕೊಟ್ಟಳು.

ನಾಲ್ಕು ಐವತ್ತೆರಡಕ್ಕೆ ವರದಿ ಕೋರ್ಟಿಗೆ ಹೋಯಿತು.

“ಈಗ ನಾನು ಕೇಳಲೇಬೇಕು,” ಎಂದಳು ಕಲ್ಯಾಣಿ. ಹೊಸ ಹಾಳೆ ತೆಗೆದಿದ್ದಳು. ಪೆನ್ನಿನ ಮುಚ್ಚಳ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. “ನವಮಿಯಂದು ನಿಮ್ಮ ಲ್ಯಾಬಿಗೆ ರಜೆ ಅಲ್ಲವೇ?”

“ರಜೆ.”

“ಒಳಗೆ ಯಾರಾದರೂ ಇದ್ದರೇ?”

ಯಶವಂತ್ ತಣ್ಣಗಾದ ಚಹಾವನ್ನು ಎತ್ತಿಕೊಂಡು ಒಂದು ಗುಟುಕು ಕುಡಿದ.

“ನಾನಿದ್ದೆ,” ಎಂದಳು ಮೋಹಿನಿ. “ಬಾಕಿ ಕೆಲಸ ಇತ್ತು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಒಳಗಿಂದ ಚಿಲಕ ಹಾಕ್ಕೊಂಡು. ಬರೆಯಿರಿ ಮೇಡಂ. ಇಡೀ ಲ್ಯಾಬಿನಲ್ಲಿ ಆವತ್ತು ಇದ್ದದ್ದು ನಾನೊಬ್ಬಳೇ.”